ಬಂದರಿಗೆ ಪುರುಡು

ನನ್ನ ಅತ್ತೆಯ ಹಣೆಯ ನಟ್ಟನಡುವೆ, ಮುತ್ತೈದೆಯರು ಕುಂಕುಮ ಇಡುವ ಜಾಗದಲ್ಲೇ, ಹುಣಸೆಬೀಜದಷ್ಟು ದೊಡ್ಡ ಗಾಯದ ಕಲೆಯೊಂದಿತ್ತು. ಸುತ್ತಲಿನ ಚರ್ಮಕ್ಕಿಂತ ಅದು ಕೆಂಪು. ಬಿಸಿಲಲ್ಲಿ ದೋಣಿ ನಡೆಸಿ ಬಂದ ದಿನವಂತೂ ಇನ್ನೂ ಕೆಂಪು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಮಲೆಜ್ವರಕ್ಕೆ ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದವಳು ಅವಳು. ಆ ಕಲೆಯನ್ನು ಯಾರಾದರೂ ದಿಟ್ಟಿಸಿ ನೋಡಿದರೆ ತಾನೇ ಬೆರಳಿಟ್ಟು ತೋರಿಸುವಳು. "ಊರಿನೋರು ಅಳಿಸಿದ್ರು, ಹಕ್ಕಿ ಇಟ್ಟಿತು. ಎಷ್ಟು ತೊಳೆದ್ರೂ ಹೋಗಲ್ಲ ನೋಡಿ ಈ ಬೊಟ್ಟು" ಎಂದು ಹೇಳಿ ನಗುವಳು.

ಆ ನಗುವನ್ನು ಕೇಳಬೇಕಿತ್ತು. ನಮ್ಮ ಮನೆ ಕಳಸದಿಂದ ಕೆಳಗೆ, ಭದ್ರಾ ಹೊಳೆಯ ಈಚೆ ದಡದಲ್ಲಿ. ಕಾಫಿ ತೋಟ ಆಚೆ ದಡದಲ್ಲಿ. ಅತ್ತೆ ಈಚೆ ನಿಂತು ಆಳುಗಳನ್ನು ಕೂಗಿದರೆ, ಆಳುಗಳಿಗಿಂತ ಮೊದಲು ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತಮ್ಮನ್ನೇ ಯಾರೋ ಕರೆದರೆಂದು ಕುರ್ಚಿ ಬಿಟ್ಟು ಏಳುತ್ತಿದ್ದರಂತೆ. ಗುಟ್ಟಿನ ಮಾತು ಎಂಬುದು ಅವಳ ಗಂಟಲಿಗೆ ಒಗ್ಗದ ಪದಾರ್ಥ. ಕಿವಿಯಲ್ಲಿ ಹೇಳಿದರೂ ಕೊಟ್ಟಿಗೆಯ ದನ ತಿರುಗಿ ನೋಡುತ್ತಿದ್ದವು. ತಂಗಿಗೆ ಹೋಲಿಸಿದರೆ ನನ್ನ ಅಪ್ಪಯ್ಯ ಮೂಗನೇ ಸರಿ. "ಇಬ್ಬರ ಪಾಲಿನ ದನಿಯೂ ನಿನಗೇ ಬಂತಲ್ಲೇ" ಎಂದು ಅಪರೂಪಕ್ಕೊಮ್ಮೆ ಹೇಳಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ನನ್ನನ್ನು ಹೆತ್ತವಳು ನಾನು ತೆವಳುವ ಮೊದಲೇ ತೀರಿಕೊಂಡಿದ್ದಳು. ಸಾಕಿದವಳು ಅತ್ತೆ. ನಾನು ದಿನಕ್ಕೆ ನೂರು ಸಲ "ಅತ್ತೆ" ಎನ್ನುವುದು, ಅವಳು ಆಗೀಗ ಕೆಲಸ ಬಿಟ್ಟು ಓಡಿ ಬಂದವಳ ಹಾಗೆ ನಟಿಸಿ, "ಅಯ್ಯೋ, ಯಾಕೆ ಅತ್ತೆ? ಯಾರು ಹೊಡೆದ್ರು? ಎಲ್ಲಿ, ಕಣ್ಣು ತೋರಿಸು!" ಎಂದು ನನ್ನ ಕೆನ್ನೆ ಒರೆಸುವುದು. ನಾನು ಅತ್ತಿಲ್ಲ, ಕರೆದೆ ಅಷ್ಟೆ ಎಂದು ಎಷ್ಟು ಹೇಳಿದರೂ ಕೇಳಳು. "ಮತ್ತೆ ನೀನೇ ಅಂದ್ಯಲ್ಲೇ, ಅತ್ತೆ ಅಂತ!" ದೊಡ್ಡವಳಾದ ಮೇಲೂ ಈ ತಮಾಷೆ ನಿಲ್ಲಲಿಲ್ಲ. ಸತ್ಯ ಹೇಳಬೇಕೆಂದರೆ, ತಾಯಿಯಿಲ್ಲದವಳೆಂದು ನಾನು ನಿಜಕ್ಕೂ ಅತ್ತದ್ದು ಕಡಿಮೆ. ಅದಕ್ಕೆ ಅವಳು ಅವಕಾಶ ಕೊಟ್ಟರೆ ತಾನೆ!

ಇಂಥ ಅತ್ತೆ ದೋಣಿ ಹತ್ತಿದರೆ ಸಾಕು, ತುಟಿ ಎರಡು ಮಾಡುತ್ತಿರಲಿಲ್ಲ.

ನಮ್ಮ ಮನೆಯ ಮೆಟ್ಟಿಲಿನಿಂದ ಸ್ವಲ್ಪ ಮೇಲಕ್ಕೆ ಹೊಳೆ ಒಂದು ಬಂಡೆಯ ತಿರುವು ಸುತ್ತಿ ಬರುತ್ತದೆ. ತಿರುವಿನ ಆಚೆಗೆ ಎರಡು ಬಂಡೆಸಾಲು ತೋಳು ಚಾಚಿದ ಹಾಗೆ ನೀರನ್ನು ಸುತ್ತುವರಿದಿವೆ. ಹೊರಗೆ ಹೊಳೆ ಎಷ್ಟು ರಭಸದಿಂದ ಓಡಿದರೂ ಒಳಗಿನ ನೀರು ಅಲುಗದು. ಮೇಲೂ ಕೆಳಗೂ ಬರೀ ಬಂಡೆ, ಸೆಳವು. ಆದ್ದರಿಂದ ದೋಣಿ ದಾಟುವುದಿದ್ದರೆ ಈ ನಿಂತ ನೀರಿನ ಮೇಲೆಯೇ ದಾಟಬೇಕು. ಉಳಿದವರು ಅದನ್ನು ಮಡು ಎನ್ನುತ್ತಿದ್ದರು. ಅತ್ತೆ ಮಾತ್ರ ಬಂದರು ಎನ್ನುತ್ತಿದ್ದಳು. ಹೊಸದಾಗಿ ಮದುವೆಯಾದ ವರ್ಷ ಗಂಡನ ಜೊತೆ ಕಾಫಿ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ನೋಡಿ ಬಂದಿದ್ದಳು. ಸಮುದ್ರ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. "ಅದಕ್ಕೆ ಒಂದು ನಿಮಿಷ ಸುಮ್ನೆ ಇರಕ್ಕೆ ಬರಲ್ಲ ಮಾರಾಯ್ತಿ, ನನ್ನ ಹಂಗೇ" ಎನ್ನುತ್ತಿದ್ದಳು. ಹಿಡಿಸಿದ್ದು ಬಂದರು. ಅಷ್ಟು ದೊಡ್ಡ ನೀರಿನ ಮಗ್ಗುಲಲ್ಲೇ ದೋಣಿಗಳು ಬಂದು ನಿದ್ದೆ ಮಾಡುವ ಜಾಗ. ವಾಪಸು ಬಂದವಳು ನಮ್ಮ ಮಡುವಿಗೂ ಅದೇ ಹೆಸರಿಟ್ಟಳು, ಊರೂ ನಿಧಾನಕ್ಕೆ ಹಾಗೇ ಕರೆಯತೊಡಗಿತು.

ಶಿವರಾತ್ರಿ ಹೊತ್ತಿಗೆ ನೀರಿಳಿದು ಬಂದರಿನ ನಡುವೆ ಒಂದು ಮರಳ ತಿಟ್ಟು ಏಳುತ್ತದೆ. ಅದು ಎದ್ದದ್ದೇ ತಡ, ಎಲ್ಲಿಂದಲೋ ಹೊಳೆಹಕ್ಕಿಗಳು ಬಂದಿಳಿಯುತ್ತವೆ. ಬೂದುಬಿಳಿ ಮೈ, ಹಳದಿ ಕೊಕ್ಕು, ಕತ್ತರಿಯಂಥ ಬಾಲ, ತಲೆಗೆ ಅಚ್ಚುಕಟ್ಟಾದ ಕಪ್ಪು ಟೋಪಿ. ಕರಿಟೋಪಿ ಎಂದೇ ಅತ್ತೆ ಅವನ್ನು ಕರೆಯುತ್ತಿದ್ದಳು. ಗೂಡು ಗೀಡು ಏನೂ ಇಲ್ಲ, ಬರೀ ಮರಳಲ್ಲಿ ಒಂದು ಕುಳಿ ಮಾಡಿ ಮೊಟ್ಟೆ ಇಟ್ಟುಬಿಡುತ್ತವೆ. ಮೊಟ್ಟೆಯೂ ಮರಳಿನ ಬಣ್ಣವೇ. ಮೆಟ್ಟಿದ ಮೇಲೆಯೇ ಮನುಷ್ಯರಿಗೆ ಗೊತ್ತಾಗುವುದು.

ಅತ್ತೆಗೂ ಹಾಗೆಯೇ ಗೊತ್ತಾಗುವುದರಲ್ಲಿತ್ತು. ಗಂಡ ಸತ್ತ ಮರುಬೇಸಿಗೆ, ಮನೆಯಲ್ಲಿ ಅತ್ತರೆ ಅಣ್ಣ ನೊಂದುಕೊಂಡಾನೆಂದು ದೋಣಿ ತೆಗೆದುಕೊಂಡು ಆ ತಿಟ್ಟಿಗೆ ಹೋದಳಂತೆ. ಮನಸಾರೆ ಅತ್ತು ಬರೋಣ ಎಂದು ಕೂರಲು ಹೊರಟಾಗ ಮೇಲಿನಿಂದ ಒಂದು ಹಕ್ಕಿ ಕಲ್ಲು ಬಿದ್ದ ಹಾಗೆ ಬಂದು ಹಣೆಗೆ ಕುಕ್ಕಿತು. ರಕ್ತ ಒರೆಸಿಕೊಂಡು ಕೆಳಗೆ ನೋಡುತ್ತಾಳೆ, ಕಾಲಬುಡದಲ್ಲೇ ಮೊಟ್ಟೆ. "ನಾನು ಕಳ್ಕೊಂಡಿದ್ದಕ್ಕೆ ಅಳಕ್ಕೆ ಹೋಗಿ, ಇನ್ನೊಬ್ಬಳ ಸಂಸಾರದ ಮೇಲೆ ಕೂತು ಬರ್ತಿದ್ದೆ ಕಣೇ" ಎಂದು ಆಮೇಲೆ ನನಗೆ ಹೇಳಿದ್ದಳು. ಅಳು ಅಲ್ಲಿಗೇ ನಿಂತಿತು. ಮರುದಿನದಿಂದ ಹಕ್ಕಿ ನೋಡಲು ದೂರದಲ್ಲೇ ದೋಣಿ ನಿಲ್ಲಿಸಿ ಕೂರತೊಡಗಿದಳು. ಎಲ್ಲಿ ನಿಂತರೆ ಅವು ಹಾರುವುದಿಲ್ಲ, ಹುಟ್ಟನ್ನು ಹೇಗೆ ಹಾಕಿದರೆ ಸದ್ದಾಗುವುದಿಲ್ಲ ಎಂಬುದೆಲ್ಲ ಹಾಗೆ ಕೂತು ಕಲಿತದ್ದು. ಹುಟ್ಟು ದೋಣಿಯ ಅಂಚಿಗೆ ಉಜ್ಜುವಲ್ಲಿ ಹಳೇ ಸೀರೆಯ ಚೂರು ಸುತ್ತಿದ್ದಳು. ತಿಟ್ಟಿನ ಎದುರು ಬಂದಾಗ ಹುಟ್ಟನ್ನು ಮೇಲೆತ್ತಿ ಮಡಿಲಲ್ಲಿಟ್ಟುಕೊಂಡು, ದೋಣಿ ತಾನಾಗಿ ತೇಲುವಷ್ಟು ದೂರ ತೇಲಲು ಬಿಡುವಳು. ಆ ಹೊತ್ತಿನಲ್ಲಿ ಎಲ್ಲ ಕೈಸನ್ನೆಯೇ. ತಲೆ ಮೇಲೆ ಅಂಗೈ ಇಟ್ಟರೆ ಕರಿಟೋಪಿ. ಮೀಸೆ ತಿರುವಿದರೆ ನೀರುನಾಯಿ. ನೀರುನಾಯಿ ಮರಿಗಳ ಸಮೇತ ಬಂಡೆ ಹತ್ತಿದ ದಿನ ಎರಡೂ ಕೈಯಲ್ಲಿ ಮೀಸೆ ತಿರುವಿ ತಿರುವಿ, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಊರವರಿಗೆ ಮೊದಮೊದಲು ಬೇಡಿಕೊಂಡೇ ಹೇಳುತ್ತಿದ್ದಳು, ತಿಟ್ಟಿನ ಹತ್ತಿರ ದೋಣಿ ಒಯ್ಯಬೇಡಿ, ಗಲಾಟೆ ಮಾಡಬೇಡಿ ಎಂದು. ಹೂಂ ಎಂದವರೆಲ್ಲ ಮರೆತರು. ಒಂದು ಬೇಸಿಗೆ ಬೇರೆ ಕಡೆಯ ಯಾರೋ ನೆಂಟರು ಗ್ರಾಮಫೋನು ಸಮೇತ ದೋಣಿ ಏರಿ, ಮಧ್ಯಾಹ್ನವೆಲ್ಲ ತಿಟ್ಟಿನ ಪಕ್ಕದಲ್ಲೇ ಹಾಡು ಹಾಕಿಕೊಂಡು ಕೂತರು. ಹಕ್ಕಿಗಳು ಹೆದರಿ ಮೇಲೆದ್ದವು, ಇಳಿಯಲಿಲ್ಲ. ಮರಳು ಕಾದು ಹೆಂಚಿನಂತಾಗಿತ್ತು. ಉಳಿದದ್ದನ್ನು ಕಾಗೆಗಳು ನೋಡಿಕೊಂಡವು. ಅವರಿಗೆ ತಾವು ಮಾಡಿದ್ದೇನು ಎಂಬುದೇ ಗೊತ್ತಾಗಲಿಲ್ಲ, ಮನೆಗೆ ಬಂದು ಕಾಫಿ ಕುಡಿದು ಹೋದರು. ಅತ್ತೆ ಆ ದಿನ ಊಟ ಮಾಡಲಿಲ್ಲ.

ಮುಂದಿನ ವರ್ಷ ತಿಟ್ಟು ಎದ್ದು ಮೊದಲ ಮೊಟ್ಟೆ ಬಿದ್ದ ದಿನ, ಅವಳು ನೀರಿನಲ್ಲಿ ಬಿದಿರಿನ ಒಂದು ಉದ್ದ ಗಳು ನೆಟ್ಟು, ಅದಕ್ಕೆ ಮೋಟು ಪೊರಕೆಯನ್ನೂ ಒಂದು ಸವೆದ ಚಪ್ಪಲಿಯನ್ನೂ ಕಟ್ಟಿದಳು. ಬಾಣಂತಿ ಕೋಣೆಯ ಬಾಗಿಲಿಗೆ ನಮ್ಮಲ್ಲಿ ಇಡುವುದು ಇದನ್ನೇ. ಆಮೇಲೆ ದಡದಲ್ಲಿ ನಿಂತು ಎರಡೂ ಕಡೆಗೆ ಕೇಳುವ ಹಾಗೆ ಸಾರಿದಳು: "ಬಂದರಿಗೆ ಪುರುಡು ಬಂದಿದೆ! ಕೇಳಿಸ್ತಾ ಎಲ್ಲರಿಗೂ? ಪುರುಡು!"

ಪುರುಡು ಎಂದರೆ ಹೆರಿಗೆಯ ಸೂತಕ. ಅದು ಕಳೆಯುವ ತನಕ ಹೆರಿಗೆಯಾದ ಮನೆಯ ನೀರನ್ನು ಹೊರಗಿನವರು ಮುಟ್ಟುವುದಿಲ್ಲ. ಆ ಮನೆಯಲ್ಲಿ ಶುಭಕಾರ್ಯ ನಡೆಯುವುದಿಲ್ಲ. ಬಾಣಂತಿ ಕೋಣೆಯ ಕಡೆ ಯಾರೂ ಸುಳಿಯುವುದಿಲ್ಲ. ಸರ್ಕಾರಕ್ಕೆ ಹೆದರದವರೂ ಸೂತಕಕ್ಕೆ ಹೆದರುವ ಕಾಲ ಅದು. ಮನೆಗೆ ಬಂದ ಪುರೋಹಿತರು, ಹಕ್ಕಿಗೆ ಪುರುಡು ಯಾವ ಶಾಸ್ತ್ರದಲ್ಲಿದೆ ಎಂದು ನಗುತ್ತಾ ಕೇಳಿದರು.

"ಹೆತ್ತೋಳಿಗೆ ಪುರುಡು ಅಂತ ಶಾಸ್ತ್ರ ಉಂಟಲ್ಲ ಭಟ್ರೇ. ಹೆತ್ತೋಳಿಗೆ ರೆಕ್ಕೆ ಇರಬಾರ್ದು ಅಂತ ಎಲ್ಲಾದ್ರೂ ಬರೆದಿದಾರಾ?"

ಭಟ್ಟರು ಬಹಳ ಹೊತ್ತು ನಕ್ಕರು. "ಇಲ್ಲಮ್ಮ, ಬರೆದಿಲ್ಲ. ಆದ್ರೆ ಹರಿಯೋ ನೀರಿಗೆ ಪುರುಡಿಲ್ಲ, ನಿಂತ ನೀರಿಗೆ ಮಾತ್ರ" ಎಂದು ತಮ್ಮದೂ ಒಂದು ಕೊಂಡಿ ಸೇರಿಸಿ ಹೋದರು. ಅಲ್ಲಿಗೆ ಪುರುಡು ಗಟ್ಟಿಯಾಯಿತು. ಆ ವರ್ಷವೇ ಒಬ್ಬ ಬಂದರಿಗೆ ಬಲೆ ಹಾಕಿ ಬುಟ್ಟಿ ತುಂಬ ಮೀನು ಹಿಡಿದ. ಅತ್ತೆ ಅವನಿಗೆ ಏನೂ ಅನ್ನಲಿಲ್ಲ. ಆಚೆ ದಡದಲ್ಲಿದ್ದ ಅವನ ಮನೆಗೆ ಕೇಳುವ ಹಾಗೆ ಒಂದು ಕೂಗು ಹಾಕಿದಳು: "ಏ ಮಾರಾಯ್ತೀ, ನಿನ್ನ ಗಂಡ ಪುರುಡಿನ ಮೀನು ತರ್ತಾ ಇದಾನೆ, ಒಲೆ ಹತ್ರ ಸೇರಿಸ್ಬೇಡ!" ಹೆಂಡತಿ ಅವನನ್ನು ಅಂಗಳದಲ್ಲೇ ತಡೆದು, ಮೀನನ್ನೆಲ್ಲ ಹೊಳೆಗೆ ಸುರಿಸಿ, ತಲೆಗೆ ನೀರು ಹೊಯ್ದು ಒಳಗೆ ಕರೆದುಕೊಂಡಳು. ಬಂದರಿನಲ್ಲಿ ಮತ್ತೆ ಬಲೆ ಬೀಳಲಿಲ್ಲ. ಮರಿಗಳು ಹಾರಿದ ಮೇಲೆ ಪುರುಡು ಕಳೆಯುವುದೂ ಇತ್ತು. ಗಳು ಕಿತ್ತು, ದಡದಲ್ಲಿ ಸೇರಿದವರಿಗೆಲ್ಲ ಅವಲಕ್ಕಿ ಬೆಲ್ಲ ಹಂಚುತ್ತಿದ್ದಳು. ಹಂಚುವಾಗ ಅವಳ ಗಂಟಲಿನಲ್ಲಿ ಎರಡು ತಿಂಗಳು ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಹೊರಬರುತ್ತಿತ್ತು.

ಈ ಪುರುಡಿನಿಂದಲೇ ನನ್ನ ಮದುವೆ ಮುರಿಯುವುದರಲ್ಲಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಸಂಸೆಯ ಕಡೆಯ ಹುಡುಗನೊಂದಿಗೆ ನನಗೆ ಮದುವೆ ಗೊತ್ತಾಗಿತ್ತು. ಹೆಣ್ಣು ನೋಡಲು ಬಂದ ದಿನ ಅತ್ತೆ ಅಡುಗೆಮನೆಯಿಂದ "ಕಾಫಿಗೆ ಸಕ್ಕರೆ ಎಷ್ಟು?" ಎಂದು ಕೇಳಿದ್ದಕ್ಕೆ ಬಂದವರೆಲ್ಲ ಬೆಚ್ಚಿದರೆ, ಅವನೊಬ್ಬ ನಕ್ಕಿದ್ದ. ಅವನು ನನಗೆ ಹಿಡಿಸಿದ್ದು ಅದಕ್ಕೇ, ಯಾಕೆ ಮುಚ್ಚಿಡಲಿ! ಮುಹೂರ್ತ ಬಂದದ್ದು ಚೈತ್ರದಲ್ಲಿ, ತಿಟ್ಟಿನ ತುಂಬ ಮೊಟ್ಟೆ ಮರಿ ಇರುವ ಹೊತ್ತು. ಮದುವೆ ನಮ್ಮ ಮನೆಯಲ್ಲಿ. ದಿಬ್ಬಣ ಆಚೆ ದಡದವರೆಗೆ ಗಾಡಿಯಲ್ಲಿ ಬಂದು ಬಂದರು ದಾಟಿ ಬರಬೇಕು. ದಿಬ್ಬಣವೆಂದರೆ ಓಲಗ, ಡೋಲು, ಸಿಡಿಮದ್ದಿನ ಗರ್ನಾಲು. ಗ್ರಾಮಫೋನಿಗೇ ಎದ್ದ ಹಕ್ಕಿಗಳು ಗರ್ನಾಲಿಗೆ ಉಳಿದಾವೆಯೆ?

ಅತ್ತೆ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಊರೂರು ಸುತ್ತಿ ಏಲಕ್ಕಿ ಕೊಳ್ಳುವ ಸಾಹೇಬರೊಬ್ಬರು ತಟ್ಟು ಕುದುರೆ ಹೊಡೆದುಕೊಂಡು ಆಚೆ ದಡದ ದಾರಿಯಲ್ಲಿ ಸಂಸೆಗೆ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಒಪ್ಪಿಸಿದ ಸುದ್ದಿಯನ್ನು ಒಂದಕ್ಷರ ಬಿಡದೆ ಮುಟ್ಟಿಸುವವರು. ಅತ್ತೆ ಈ ದಡದಿಂದಲೇ ಕೂಗಿದಳು: "ಸಾಹೇಬ್ರೇ! ಸಂಸೇಲಿ ಗಂಡಿನೋರಿಗೆ ಹೇಳಿ, ಬಂದರಿಗೆ ಪುರುಡು ಬಂದಿದೆ, ಹೊಳೆ ದಾಟೋವಾಗ ಓಲಗ ಬೇಡ, ಗರ್ನಾಲು ಬೇಡ!" ಅವತ್ತು ಗಾಳಿ ಎದುರಿನಿಂದಿತ್ತು, ತಟ್ಟಿನ ಕೊರಳ ಗೆಜ್ಜೆ ಬೇರೆ. ಸಾಹೇಬರು ಕೇಳಿಸಿದಷ್ಟನ್ನು ಒಂದಕ್ಷರ ಬಿಡದೆ ಸಂಸೆಗೆ ಮುಟ್ಟಿಸಿದರು: "ಹೆಣ್ಣಿನೋರಲ್ಲಿ ಪುರುಡು ಬಂದಿದೆಯಂತೆ. ಓಲಗ ಬೇಡವಂತೆ."

ಸಂಸೆಯಲ್ಲಿ ಆ ದಿನ ಏನಾಯಿತು ಎಂಬುದನ್ನು ನನ್ನ ಗಂಡ ಆಮೇಲೆ ಎಷ್ಟೋ ಸಲ ನಟಿಸಿ ತೋರಿಸಿದ್ದಾರೆ. ಹೆತ್ತವರು ಯಾರು ಎಂದು ಕೇಳಿದರೆ ಸಾಹೇಬರು, "ಹೆಂಗಸ್ರ ವಿಷಯ, ನಾನು ಹೆಂಗೆ ಕೇಳೋದು?" ಎಂದು ತಟ್ಟು ಹೊಡೆದುಕೊಂಡು ಹೋದರಂತೆ. ಉಳಿದವರು ಕೂತು ಲೆಕ್ಕ ಹಾಕಿದರು. ಹೆಣ್ಣಿನ ಮನೆಯಲ್ಲಿರುವ ಹೆಂಗಸರು ಇಬ್ಬರೇ. ಒಬ್ಬಳು ವಯಸ್ಸಾದ ವಿಧವೆ. ಇನ್ನೊಬ್ಬಳು ಮದುಮಗಳು.

ಎರಡನೇ ದಿನ ಮಧ್ಯಾಹ್ನ ಗಂಡಿನ ತಾಯಿ ಮತ್ತು ಸೋದರಮಾವ ಹೇಳದೆ ಕೇಳದೆ, ಕಳಸದ ಹತ್ತಿರವೇ ಹೊಳೆ ದಾಟಿ, ಗಾಡಿ ಬಾರದ ಕಾಲುದಾರಿಯಲ್ಲಿ ಸುತ್ತಿ ನಡೆದು ನಮ್ಮ ಜಗಲಿಗೆ ಬಂದರು. ಮಾವ ಕೋಟು ಹಾಕಿ, ಕರಿ ಟೋಪಿ ಇಟ್ಟು, ಕೋರ್ಟಿಗೆ ಬಂದವರ ಹಾಗೆ ಕೂತರು. ಅಪ್ಪಯ್ಯ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದ್ದರೂ ಇಬ್ಬರೂ ಮುಟ್ಟಲಿಲ್ಲ.

"ಬಾಯಾರಿಕೆ ಇಲ್ಲ" ಎಂದರು ತಾಯಿ. "ಬಾಣಂತಿನ ನೋಡ್ಕೊಂಡು ಹೋಗಣ ಅಂತ ಬಂದೆ."

ಅತ್ತೆಯ ಮುಖ ಅರಳಿತು. "ಅಯ್ಯೋ ದೇವ್ರೇ, ಅದಕ್ಕಾಗಿ ಇಷ್ಟು ದೂರ ಬಂದ್ರಾ ಬೀಗಿತ್ತಿ! ನಮ್ಮೂರಿನೋರೇ ಯಾರೂ ನೋಡ್ತೀನಿ ಅಂತ ಬರಲ್ಲ."

ತಾಯಿ, ಮಾವ ಮುಖ ಮುಖ ನೋಡಿಕೊಂಡರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಹೆರಿಗೆ ಯಾವಾಗ ಆಗಿದ್ದು?"

"ಶಿವರಾತ್ರಿ ಕಳೆದು ಶುರುವಾಗಿದ್ದು. ಇನ್ನೂ ನಡೀತಾನೇ ಇದೆ."

"ಇನ್ನೂ ನಡೀತಾ ಇದೆಯಾ?" ಮಾವನ ದನಿ ಒಡೆಯಿತು.

"ಮತ್ತೆ, ಎಲ್ಲಾ ಒಂದೇ ಸಲಕ್ಕೆ ಹೆರಕ್ಕಾಗ್ತದಾ? ಒಂದಷ್ಟು ಹಿಂದೆ, ಒಂದಷ್ಟು ಮುಂದೆ."

ಮಾವ ಗಂಟಲು ಸರಿಮಾಡಿಕೊಂಡರು. "ಅಲ್ಲ... ಇದಕ್ಕೆ ಗಂಡಸು ಯಾರು ಅಂತಾದ್ರೂ ಗೊತ್ತಾ?"

"ಅದು ಮಾತ್ರ ಹೇಳಕ್ಕಾಗಲ್ಲ ನೋಡಿ" ಎಂದಳು ಅತ್ತೆ ಪ್ರಾಮಾಣಿಕವಾಗಿ. "ಎಲ್ಲಾ ಒಂದೇ ಥರ ಕರೀ ಟೋಪಿ ಹಾಕ್ಕೊಂಡಿರ್ತಾವೆ."

ಮಾವ ತಮ್ಮ ತಲೆಯ ಮೇಲಿದ್ದ ಕರಿ ಟೋಪಿಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಈಗ ನೆನೆದರೆ ನಗು ಬರುತ್ತದೆ. ಆಗ ನಗುವ ಹಾಗಿರಲಿಲ್ಲ. ಅವರು ಕೇಳುತ್ತಿರುವುದು ಏನು ಎಂಬುದು ನನಗೆ ಹೊಳೆದಿತ್ತು, ಅತ್ತೆಗೆ ಹೊಳೆದಿರಲಿಲ್ಲ. ಇಂಥ ಕಾರಣಕ್ಕೆ ಸಂಬಂಧ ಮುರಿದರೆ ಆ ಹೆಣ್ಣನ್ನು ಕೇಳಿಕೊಂಡು ಮತ್ತೊಬ್ಬರು ಬರುವುದಿಲ್ಲ, ಅಪ್ಪಯ್ಯ ನಾಲ್ಕು ಜನರ ನಡುವೆ ತಲೆ ಎತ್ತುವುದಿಲ್ಲ. ಆ ನಗುವ ಹುಡುಗನೂ ಇಲ್ಲ. ಮದುಮಗಳು ಬೀಗರ ಎದುರು ಬಾಯಿ ಬಿಡಬಾರದು ಎಂಬುದನ್ನು ಮರೆತು ಬಾಗಿಲ ಹಿಂದಿನಿಂದಲೇ ಕಿರುಚಿದೆ: "ಅತ್ತೆ! ಅವರು ಹಕ್ಕಿ ವಿಷಯ ಕೇಳ್ತಿಲ್ಲ, ನನ್ನ ವಿಷಯ ಕೇಳ್ತಿದಾರೆ!"

ದಡದ ಮೇಲೆ ಅತ್ತೆಗೆ ಮಾತು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಟ್ಟದೆ ಬಿಟ್ಟ ನೀರಿನ ಚೊಂಬನ್ನು ನೋಡಿದಳು, ಅಪ್ಪಯ್ಯನನ್ನು ನೋಡಿದಳು. ಅವಳ ಹಣೆಯ ಕಲೆ ಕೆಂಪಗಾಯಿತು. ಈಗ ಸಿಡಿಯುತ್ತಾಳೆ, ಮುಗಿಯಿತು ಎಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಬಿಗಿದು ಹುಟ್ಟು ತೆಗೆದುಕೊಂಡಳು.

"ಬನ್ನಿ ಬೀಗಿತ್ತಿ, ದೋಣಿ ಹತ್ತಿ. ಬಾಣಂತೀರನ್ನ ನಾನೇ ತೋರಿಸ್ತೀನಿ. ಆಮೇಲೆ ನಮ್ಮನೆ ನೀರು ಕುಡಿಯೋದು ಬಿಡೋದು ನಿಮಗೆ ಬಿಟ್ಟಿದ್ದು. ಒಂದೇ ಮಾತು, ದೋಣೀಲಿ ಉಸಿರೆತ್ತಂಗಿಲ್ಲ."

"ಯಾಕೆ ಎತ್ತಬಾರ್ದು?"

"ಬಾಣಂತಿ ಮಲಗಿರೋ ಕಡೆ ಗಲಾಟೆ ಮಾಡ್ತಾರಾ?"

ಆ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಅಪ್ಪಯ್ಯ ನನಗೂ ಹೋಗು ಎಂದು ಕಣ್ಣಲ್ಲೇ ಹೇಳಿದರು. ಮಾವ ಟೋಪಿ ಹಿಡಿದುಕೊಂಡು ಜಗಲಿಯಲ್ಲೇ ಉಳಿದರು.

ತಿರುವು ದಾಟಿದ ಕೂಡಲೇ ಗಳು ಕಂಡಿತು, ಅದರ ಪೊರಕೆ, ಚಪ್ಪಲಿ ಕಂಡವು. ಗಂಡಿನ ತಾಯಿ ಹುಬ್ಬು ಗಂಟಿಕ್ಕಿ ನೋಡಿದರು. ಅವರ ಮನೆಯ ಬಾಣಂತಿ ಕೋಣೆಗೂ ಅದನ್ನೇ ಇಡುತ್ತಿದ್ದರಲ್ಲ! ಅತ್ತೆ ಹುಟ್ಟೆತ್ತಿ ಮಡಿಲಲ್ಲಿಟ್ಟುಕೊಂಡಳು. ದೋಣಿ ತಾನಾಗಿ ತೇಲಿ ನಿಂತಿತು. ಮೊದಲು ಅವರಿಗೆ ಮರಳು ಬಿಟ್ಟು ಏನೂ ಕಾಣಲಿಲ್ಲ. ಅತ್ತೆ ಬೆರಳು ತೋರಿಸಿದಳು. ಒಂದು ಮೊಟ್ಟೆ ಕಂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಮರಳಿನ ಒಂದು ಚೂರು ಎದ್ದು ಓಡಿದಂತೆ ಮರಿಯೊಂದು ಓಡಿತು. ನೋಡುತ್ತಿದ್ದ ಹಾಗೆ ತಿಟ್ಟಿನ ತುಂಬ ಸಂಸಾರಗಳು ಕಾಣತೊಡಗಿದವು. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಹಕ್ಕಿ ಹಾರಿ ನೀರಿಗೆ ಬಂತು, ಹೊಟ್ಟೆಯ ಗರಿಗಳನ್ನು ಅದ್ದಿತು, ತೊಟ್ಟಿಕ್ಕುತ್ತಾ ಹಿಂತಿರುಗಿ ಮೊಟ್ಟೆಗಳ ಮೇಲೆ ಒದ್ದೆ ಮೈ ಇಟ್ಟು ಕೂತಿತು. ಕಾವು ಕೊಡುವುದಕ್ಕಲ್ಲ, ತಂಪು ಕೊಡುವುದಕ್ಕೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಂತು, ಮತ್ತೆ ಅದ್ದಿಕೊಂಡು ಹೋಯಿತು.

ಗಂಡಿನ ತಾಯಿ ಅದನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, ನೀರಿಗೂ ಕೇಳಿಸದಷ್ಟು ಸಣ್ಣಗೆ ಅಂದರು: "ನನ್ನ ಮಗ ಹುಟ್ಟಿದ್ದೂ ಇಂಥ ಬಿಸಿಲಲ್ಲೇ. ನಮ್ಮತ್ತೆ ಒದ್ದೆ ಬಟ್ಟೆ ತಂದು ತಂದು ತೊಟ್ಟಿಲಿಗೆ ಕಟ್ಟೋರು."

ಅತ್ತೆ ತುಟಿಗೆ ಬೆರಳಿಟ್ಟು ಹುಸಿಮುನಿಸು ತೋರಿಸಿದಳು. ಅವರು ತಪ್ಪಾಯಿತೆಂಬಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ಅದೇ ಕೈಯನ್ನು ದೋಣಿಯ ಅಂಚಿನಿಂದ ಕೆಳಗೆ ಚಾಚಿ, ಬಂದರಿನ ಆ ಪುರುಡಿನ ನೀರನ್ನೇ ಬೊಗಸೆ ತುಂಬ ಎತ್ತಿ ಕುಡಿದರು. ಇನ್ನೊಂದು ಬೊಗಸೆ ಎತ್ತಿದರು. ಪಾಪ, ಬಾಯಾರಿಕೆಯೂ ಅಷ್ಟಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನತ್ತ ತಿರುಗಿ, ಸದ್ದಿಲ್ಲದೆ ತುಟಿ ಮಾತ್ರ ಆಡಿಸಿ ಕೇಳಿದಳು: ಯಾಕೆ ಅತ್ತೆ?

ಮದುವೆಯ ದಿನ ದಿಬ್ಬಣ ಆಚೆ ದಡಕ್ಕೆ ಬಂದಾಗ ಮದುಮಗನ ದೋಣಿ ನಡೆಸಲು ಅತ್ತೆಯೇ ಹೋದಳು. ಆ ನೀರಿನಲ್ಲಿ ಸದ್ದಿಲ್ಲದೆ ದೋಣಿ ಒಯ್ಯುವ ಕೈ ಇನ್ನೊಂದಿರಲಿಲ್ಲ. ದಿಬ್ಬಣದ ಹಿರಿಯರೊಬ್ಬರು ಮುಖ ತಿರುಗಿಸಿದರಂತೆ. ಮದುಮಗನಿಗೆ ಬೋಳು ಹಣೆ ಎದುರಾಗಬಾರದು, ಬೇರೆ ಯಾರನ್ನಾದರೂ ಕರೆಯಿರಿ ಎಂದರಂತೆ. ಅತ್ತೆ ಹುಟ್ಟು ಕೆಳಗಿಟ್ಟು ಇಳಿಯಲು ಹೊರಟಳು. ಆಗ ಗಂಡಿನ ತಾಯಿ ಮುಂದೆ ಬಂದು ಅವಳ ಕೈ ಹಿಡಿದು ಕೂರಿಸಿ, "ಬೋಳು ಎಲ್ಲಿದೆ? ಅವರ ಹಣೇಲಿ ಬೊಟ್ಟು ಇದೆ, ನಿಮಗೆ ಕಾಣ್ಸಲ್ವಾ?" ಎಂದರಂತೆ. ಎಂದೋ ಅತ್ತೆ ಅವರಿಗೆ ಹಕ್ಕಿಯ ಕಥೆ ಹೇಳಿದ್ದಿರಬೇಕು. ಇದನ್ನು ನನಗೆ ಹೇಳಿದವರು ನನ್ನ ಗಂಡ. ಅತ್ತೆ ಅದರ ಬಗ್ಗೆ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ನಾನು ಚಪ್ಪರದಲ್ಲಿ ಕೂತಿದ್ದೆ. ಎಲ್ಲರ ಮದುವೆಯಲ್ಲೂ ಓಲಗ ಕೇಳಿದ ಮೇಲೆ ದಿಬ್ಬಣ ಬಂತೆಂದು ತಿಳಿಯುತ್ತದೆ. ನನಗೆ ಓಲಗ ನಿಂತಾಗ ತಿಳಿಯಿತು. ಆಚೆ ದಡದ ದಾರಿಯಲ್ಲಿ ಜೋರಾಗಿ ಬರುತ್ತಿದ್ದ ವಾದ್ಯ ಥಟ್ಟನೆ ನಿಂತಿತು. ಬರೀ ಹಕ್ಕಿಗಳ ಚಿಲಿಪಿಲಿ. ಓಲಗದವರು ವಾದ್ಯಗಳನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹೆಂಗಸರು ಬಳೆ ಸದ್ದಾಗದಂತೆ ಕೈಕಟ್ಟಿಕೊಂಡು ಬಂದರಂತೆ. ತಿಟ್ಟಿನ ಎದುರಿಗೆ ಬಂದಾಗ ಮೇಲೆ ಹಾರುತ್ತಿದ್ದ ಒಂದು ಕರಿಟೋಪಿ ಕೆಳಗಿದ್ದ ಕರಿ ಟೋಪಿಯ ಮೇಲೆ, ಸರಿಯಾಗಿ ನಡುನೆತ್ತಿಗೆ, ತನ್ನ ಅಕ್ಷತೆ ಹಾಕಿತು. ಸೋದರಮಾವ ಅಲುಗಲಿಲ್ಲ, ಉಸಿರೆತ್ತಲಿಲ್ಲ, ತಿರುವಿನ ತನಕ ಹಾಗೇ ಕೂತಿದ್ದರು. ತಿರುವು ದಾಟಿದ್ದೇ ತಡ, ಅವರ ಕೂಗೂ ಓಲಗವೂ ಗರ್ನಾಲೂ ಅತ್ತೆಯ ನಗುವೂ ಒಟ್ಟಿಗೆ ಸಿಡಿದವು. ಏಲಕ್ಕಿ ಸಾಹೇಬರೂ ಊಟಕ್ಕೆ ಬಂದಿದ್ದರು. "ಅಮ್ಮಾ, ಇನ್ನು ನಿಮ್ಮ ಸುದ್ದಿ ನಾನು ಒಯ್ಯಲ್ಲ. ಇಲ್ಲಿಂದಲೇ ಕೂಗಿ, ಸಂಸೆಗೆ ಕೇಳ್ತದೆ" ಎಂದು ಕೈ ಮುಗಿದರು.

ಸಂಸೆಯಲ್ಲಿ ನನಗೆ ಇನ್ನೊಬ್ಬ ಅತ್ತೆ ಸಿಕ್ಕರು, ಬಂದರಿನ ನೀರು ಕುಡಿದ ಅತ್ತೆ. ಪ್ರತಿ ಬೇಸಿಗೆ ಇಬ್ಬರೂ ದೋಣಿಯಲ್ಲಿ ಕೂತು ಕೈಸನ್ನೆಯಲ್ಲೇ ಹರಟುತ್ತಿದ್ದರು. ನಮ್ಮ ದಡದಲ್ಲಿ ನಡೆದ ಆಮೇಲಿನ ಮದುವೆಗಳಲ್ಲೂ ಬಂದರು ದಾಟುವಾಗ ಓಲಗ ನಿಲ್ಲುತ್ತಿತ್ತು. ಕೇಳಿದರೆ, ಇಲ್ಲಿಯ ಪದ್ಧತಿಯೇ ಹಾಗೆ ಎನ್ನುತ್ತಿದ್ದರು. ನನ್ನ ಚೊಚ್ಚಲ ಹೆರಿಗೆಗೆ ಅತ್ತೆ ಸಂಸೆಗೆ ಬಂದು, ನನ್ನ ಕೋಣೆಯ ಬಾಗಿಲಲ್ಲಿ ಪೊರಕೆ ಚಪ್ಪಲಿ ಕಂಡು, ಹೊರಗೇ ನಿಂತು ಪಿಸುಗುಟ್ಟಿದಳು: "ಕೂಸು ಹೆಂಗಿದೆ? ಟೋಪಿ ಇದೆಯಾ?" ದಡದ ಮೇಲೆ ಅವಳು ಪಿಸುಗುಟ್ಟಿದ್ದು ಎಂದರೆ ಅದೇ.

ಅವಳು ಹೋದದ್ದು ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ. ಬೆಳಿಗ್ಗೆ ದೋಣಿ ನಡೆಸಿ ಬಂದು, ಊಟ ಮಾಡಿ, ಮಲಗಿದವಳು ಏಳಲಿಲ್ಲ. ಸುದ್ದಿ ತಿಳಿದು ನಾವು ಆಚೆ ದಡಕ್ಕೆ ಬಂದಾಗ ಬಿಸಿಲು ಇಳಿದಿರಲಿಲ್ಲ. ನಮ್ಮಲ್ಲಿ ಸಾವಿನ ಮನೆಗೆ ಬರುವ ಹೆಣ್ಣುಮಕ್ಕಳು ದೂರದಿಂದಲೇ ಗೋಳಿಟ್ಟು ಬರಬೇಕು. ನಾನು ಬಾಯಿ ತೆರೆದೂ ಆಗಿತ್ತು. ಆದರೆ ಬಂದರಿನಲ್ಲಿ ಗಳು ನಿಂತಿತ್ತು, ಅವಳೇ ಆ ವಾರ ನೆಟ್ಟದ್ದು, ಪೊರಕೆ ಇನ್ನೂ ಹೊಸದು. ತಿಟ್ಟಿನ ತುಂಬ ಮೊಟ್ಟೆ.

ನನ್ನ ಗಂಡ ಹುಟ್ಟು ಹಾಕಿದರು, ತಿಟ್ಟಿನ ಎದುರು ಬಂದಾಗ ಅವಳು ಕಲಿಸಿದ ಹಾಗೇ ಎತ್ತಿ ಮಡಿಲಲ್ಲಿಟ್ಟುಕೊಂಡರು. ಸಂಸೆಯ ಅತ್ತೆ ಒಂದು ಕೈಯಿಂದ ತಮ್ಮ ಬಾಯನ್ನೂ ಇನ್ನೊಂದು ಕೈಯಿಂದ ನನ್ನ ಬಾಯನ್ನೂ ಮುಚ್ಚಿ ಹಿಡಿದಿದ್ದರು. ಒಂದು ಹಕ್ಕಿ ನೀರಿಗೆ ಬಂದು ಹೊಟ್ಟೆ ಅದ್ದಿಕೊಂಡು ಹೋಯಿತು. ಒಂದೂ ಮೇಲೇಳಲಿಲ್ಲ. ದೋಣಿ ನಿಧಾನಕ್ಕೆ ತೇಲಿ ಬಂಡೆಯ ತಿರುವು ಸುತ್ತಿತು, ಎದುರಿಗೆ ಮನೆಯ ಮೆಟ್ಟಿಲು ಕಂಡಿತು, ಮೆಟ್ಟಿಲ ಮೇಲೆ ನಿಂತ ಅಪ್ಪಯ್ಯ ಕಂಡರು.

ಆಗ, ಎರಡೂ ದಡಕ್ಕೆ ಕೇಳುವ ಹಾಗೆ, ಅವಳದೇ ಗಂಟಲು ಎಂಬ ಹಾಗೆ, ನಾನು ಅತ್ತೆ.